ಅಪ್ಪ ಅಳುವ ಸೀನು

ಸಿನಿಮಾದವರ ನಡುವೆ ಅವರಿಗೆ ಟ್ವಿಸ್ಟ್ ಮೇಷ್ಟ್ರು ಎಂದೇ ಹೆಸರು. ಇಪ್ಪತ್ತಾರು ಚಿತ್ರಗಳಿಗೆ ಕಥೆ ಬರೆದಿದ್ದರು. ಅಷ್ಟರಲ್ಲೂ ಇಂಟರ್ವಲ್ಲಿಗೆ ಐದು ನಿಮಿಷ ಮುಂಚೆ ಸತ್ತವನು ಎದ್ದು ಬರುತ್ತಿದ್ದ, ಇಲ್ಲವೇ ಮೂಕಿಯಾಗಿದ್ದ ತಂಗಿ ಪೊಲೀಸ್ ಅಧಿಕಾರಿಯೆಂದು ಗೊತ್ತಾಗುತ್ತಿತ್ತು.

ಇಂಥವರ ಮನೆಗೆ ನಿರ್ಮಾಪಕರೊಬ್ಬರು ತಾವಾಗಿ ಬಂದು, ಮುಟ್ಟಿನ ಬಗ್ಗೆ ಒಂದು ಸಿನಿಮಾ ಬರೆದುಕೊಡಿ ಎಂದು ಕೇಳಿದರು. ಕೇಳಿದರು ಎಂದರೆ ಪೂರ್ತಿ ಕೇಳಲಿಲ್ಲ.

"ಈ ಸಲ ಒಂದು ಸಾಮಾಜಿಕ ಸಬ್ಜೆಕ್ಟು ಮೇಷ್ಟ್ರೇ. ಹೆಂಗಸ್ರದ್ದು. ತಿಂಗಳು ತಿಂಗಳು... ಅರ್ಥ ಆಯ್ತಲ್ಲ?" ಎಂದು ಉಳಿದದ್ದನ್ನು ಹುಬ್ಬಿನಲ್ಲೇ ಮುಗಿಸಿದರು.

ಮೇಷ್ಟ್ರಿಗೆ ಅರ್ಥವಾಯಿತು. ಅಂದಿನಿಂದ ಅದಕ್ಕೆ ಸಬ್ಜೆಕ್ಟ್ ಎಂಬ ಹೆಸರೇ ಗಟ್ಟಿಯಾಯಿತು.

ಕಥಾ ಚರ್ಚೆ ನಡೆಯುತ್ತಿದ್ದದ್ದು ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಗೋಡೆಯ ತುಂಬ ಗುಂಡುಪಿನ್ನಿನಲ್ಲಿ ಚುಚ್ಚಿದ ಬಣ್ಣಬಣ್ಣದ ಚೀಟಿಗಳು. ಒಂದೊಂದು ಚೀಟಿಗೆ ಒಂದೊಂದು ದೃಶ್ಯ. "ಸೀನ್ ಹನ್ನೆರಡು: ಹುಡುಗಿಗೆ ಸಬ್ಜೆಕ್ಟ್ ಆಗುತ್ತದೆ." "ಸೀನ್ ಹದಿನೇಳು: ಸಬ್ಜೆಕ್ಟ್ ಕಾರಣ ಹುಡುಗಿ ಓಟದ ಪಂದ್ಯದಿಂದ ಹೊರಕ್ಕೆ." ಮೇಜಿನ ಸುತ್ತ ಆರು ಜನ ಗಂಡಸರು. ಮೂಲೆಯಲ್ಲಿ ಸ್ಕ್ರಿಪ್ಟ್ ಟೈಪ್ ಮಾಡುವ ಹೆಂಗಸೊಬ್ಬರಿದ್ದರು. ಮಾತು ಸೂಕ್ಷ್ಮ ಘಟ್ಟಕ್ಕೆ ಬಂದಾಗಲೆಲ್ಲ ನಿರ್ಮಾಪಕರು, "ನೀವು ಸ್ವಲ್ಪ ಟೀ ಕುಡ್ಕೊಂಡು ಬನ್ನಿಮ್ಮಾ, ಇಲ್ಲಿ ಸಬ್ಜೆಕ್ಟ್ ಮಾತಾಡ್ಬೇಕು" ಎಂದು ಅವರನ್ನು ಮರ್ಯಾದೆಯಿಂದ ಹೊರಗೆ ಕಳಿಸುತ್ತಿದ್ದರು. ಆಕೆ ಒಂದೊಂದು ದಿನ ಐದು ಟೀ ಕುಡಿದದ್ದುಂಟು.

ಕಥೆಯ ಕಟ್ಟು ಗಟ್ಟಿಯಾಗಿತ್ತು. ನಾಯಕ ಶಾಲೆಯ ಡ್ರಿಲ್ ಮಾಸ್ತರು. ನಾಯಕ ನಟರಿಗೆ ಐವತ್ತೆರಡು ದಾಟಿದ್ದರೂ ಹದಿಮೂರರ ಮಗಳಿದ್ದರೆ ಅಭಿಮಾನಿಗಳು ಒಪ್ಪುವುದಿಲ್ಲವೆಂದು ಆ ಓಟಗಾರ್ತಿ ಅವರ ಅಣ್ಣನ ಮಗಳಾದಳು. ನಾಯಕಿ ಡಾಕ್ಟರು. ಆದರೆ ಸಬ್ಜೆಕ್ಟ್ ಏನೆಂದು ಡಾಕ್ಟರಿಗೆ ವಿವರಿಸುವವನು ನಾಯಕ. ಇಂಟರ್ವಲ್ಲಿಗೆ ಅವನು ಶಾಲೆಯ ಗೇಟು ಮುರಿಯುತ್ತಾನೆ. ಕೊನೆಗೆ ಕ್ರೀಡಾಕೂಟದ ಮೈಕು ಕಿತ್ತುಕೊಂಡು ಏಳು ನಿಮಿಷ ಭಾಷಣ ಮಾಡುತ್ತಾನೆ. ಇಷ್ಟಿದ್ದರೂ ಕರುಳು ಹಿಂಡುವಂಥದ್ದು ಒಂದು ಬೇಕಿತ್ತು. ಅಪ್ಪನಿಗೆ ಮಗಳ ವಿಷಯ ತಿಳಿಯುವ ದೃಶ್ಯ. ಅದನ್ನು ಮೇಷ್ಟ್ರು ಮನೆಯಲ್ಲಿ ಕೂತು ಬರೆಯುವುದಾಗಿ ಒಪ್ಪಿಕೊಂಡರು.

ಭಾನುವಾರ ಬೆಳಗ್ಗೆ ಒಂದೇ ಏಟಿಗೆ ಬರೆದರು. ಬರೆಯುತ್ತ ತಾವೇ ಅತ್ತರು. ಕನ್ನಡಕ ಒರೆಸಿಕೊಂಡು ಅಡುಗೆಮನೆಗೆ ಬಂದಾಗ ಹೆಂಡತಿ ಬೀನ್ಸ್ ಹೆಚ್ಚುತ್ತಿದ್ದರು. ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ರಜಾದಿನದಲ್ಲಿ ಯಾರ ಕಣ್ಣೀರಿಗೂ ಅಷ್ಟಾಗಿ ಸೊಪ್ಪು ಹಾಕುವವರಲ್ಲ. ಎಂಟನೇ ಕ್ಲಾಸಿನ ಮಗಳು ನೆಲದ ಮೇಲೆ ಕೂತು ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ಮೇಷ್ಟ್ರು ಅವಳನ್ನು ಈಗಲೂ ಪಾಪು ಎಂದೇ ಕರೆಯುತ್ತಿದ್ದರು.

"ಇಬ್ಬರೂ ಕೇಳಿ. ಮಧ್ಯ ಮಾತಾಡ್ಬೇಡಿ" ಎಂದು ಓದತೊಡಗಿದರು. ಹುಡುಗಿ ಬಾಗಿಲಿಗೊರಗಿ ಬಿಕ್ಕುತ್ತಾಳೆ. ಅಪ್ಪ ಒಳಗೆ ಬರುತ್ತಾನೆ. ಏನೂ ಹೇಳದೆಯೇ ಅವನಿಗೆ ಎಲ್ಲ ಅರ್ಥವಾಗುತ್ತದೆ. ಅವಳ ತಲೆ ಸವರುತ್ತಾನೆ. 'ಅಂಜಬೇಡ ಮಗಳೇ, ನಿನ್ನ ತಂದೆ ನಿನ್ನ ಜೊತೆಗಿದ್ದಾನೆ' ಎಂದು ಶುರುವಾದ ಮಾತು ಎರಡು ಪುಟ ನಡೆಯುತ್ತದೆ. ಕೊನೆಯ ಸಾಲಿಗೆ ಮೇಷ್ಟ್ರು ಮತ್ತೆ ಕನ್ನಡಕ ಒರೆಸಿಕೊಂಡರು.

ಮಗಳು ಭೂಪಟದಿಂದ ತಲೆಯೆತ್ತಿದಳು. "ಅಪ್ಪಾ, ಅವಳಿಗೆ ಹೊಟ್ಟೆ ನೋಯ್ತಿರತ್ತೆ. ಅಷ್ಟು ಹೊತ್ತು ನಿಂತ್ಕೊಂಡು ಯಾಕೆ ಕೇಳ್ತಾಳೆ?"

"ಅದೆಲ್ಲ ನಿನಗೆ ಗೊತ್ತಾಗಲ್ಲ ಪಾಪು. ನೀನಿನ್ನೂ ಚಿಕ್ಕವಳು."

ಬೀನ್ಸ್ ಹೆಚ್ಚುವ ಸದ್ದು ನಿಂತಿತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ರೀ," ಎಂದರು ಹೆಂಡತಿ, "ಅವಳಿಗೆ ಆಗಿ ಐದು ತಿಂಗಳಾಯ್ತು."

"ಏನಾಗಿ?"

"ನಿಮ್ಮ ಸಬ್ಜೆಕ್ಟು."

ಮೇಷ್ಟ್ರು ಕಾಗದ ಹಿಡಿದುಕೊಂಡೇ ನಿಂತರು. ಐದು ತಿಂಗಳು! ಒಂದೇ ಮನೆ, ಎರಡು ಕೋಣೆ, ಒಂದು ಬಚ್ಚಲು. ಯಾವತ್ತು, ಎಲ್ಲಿ, ಆಗ ನಾನೆಲ್ಲಿದ್ದೆ ಎಂದು ತಡವರಿಸುತ್ತ ಕೇಳಿದರು.

"ನಿಮ್ಮ ನಿರ್ಮಾಪಕರು ಮನೆಗೆ ಬಂದಿದ್ರಲ್ಲ, ಅವತ್ತೇ" ಎಂದರು ಹೆಂಡತಿ. "ನಾವಿಬ್ರೂ ಬಚ್ಚಲಲ್ಲಿದ್ವಿ. ನೀವು ಬಾಗಿಲು ಬಡಿದ್ರಿ. ಎಷ್ಟು ಹೊತ್ತು ಅದು, ಅವರು ಕೈ ತೊಳೀಬೇಕಂತೆ, ಬೇಗ ಹೊರಗೆ ಬನ್ನಿ ಅಂತ."

ಮೇಷ್ಟ್ರಿಗೆ ಬಾಗಿಲು ಬಡಿದದ್ದು ನೆನಪಾಯಿತು. ಬಡಿದು ಬಂದು ಸೋಫಾದಲ್ಲಿ ಕೂತು ನಿರ್ಮಾಪಕರಿಗೆ ಹೇಳಿದ್ದೂ ನೆನಪಾಯಿತು: ಹೆಣ್ಣುಮಕ್ಕಳ ಒಳಗನ್ನು ತಿಳಿಯಲು ಅಪ್ಪನಾಗಿರಬೇಕು ಸಾರ್.

"ನನಗ್ಯಾಕೆ ಹೇಳ್ಲಿಲ್ಲ?"

"ನಾನೇ ಬೇಡ ಅಂದೆ" ಎಂದಳು ಮಗಳು. "ಹೇಳಿದ್ರೆ ನೀನು ಸೀನ್ ಮಾಡ್ತೀಯ ಅಂತ."

ಅವತ್ತು ಮೇಷ್ಟ್ರಿಗೆ ಊಟ ಸೇರಲಿಲ್ಲ. ಮನಸ್ಸು ಚುರುಚುರು ಎನ್ನುತ್ತಿತ್ತು ನಿಜ. ಆದರೆ ಇಪ್ಪತ್ತಾರು ಚಿತ್ರ ಬರೆದ ಕೈ ಸುಮ್ಮನಿರಬೇಕಲ್ಲ! ಮಗಳ ಕಷ್ಟದ ಬಗ್ಗೆ ಪುಟಗಟ್ಟಲೆ ಬರೆಯುವ ಅಪ್ಪ, ಬಾಗಿಲಾಚೆ ಅದೇ ಮಗಳು. ಇದಕ್ಕಿಂತ ದೊಡ್ಡ ಟ್ವಿಸ್ಟು ಅವರ ಜನ್ಮದಲ್ಲಿ ಹೊಳೆದಿರಲಿಲ್ಲ. ಸೋಮವಾರ ಮಗಳನ್ನು ಒಂದು ಮಾತೂ ಕೇಳದೆ, ಅದನ್ನೇ ಹೊಸ ದೃಶ್ಯ ಮಾಡಿ ಮೇಜಿನ ಮುಂದೆ ಓದಿದರು. ಯಾರ ಮನೆಯ ಕಥೆ ಎಂಬುದನ್ನು ಮಾತ್ರ ನುಂಗಿಕೊಂಡರು.

ನಿರ್ಮಾಪಕರು ಮೂಗು ಮುರಿದರು. "ಐದು ತಿಂಗಳು ಗೊತ್ತಾಗ್ದೇ ಇರೋ ಅಪ್ಪನಾ? ಲಾಜಿಕ್ ಬೇಡ್ವಾ ಮೇಷ್ಟ್ರೇ? ಅಂಥ ಪೆದ್ದ ಎಲ್ಲಾದ್ರೂ ಇರ್ತಾನಾ?"

"ಇರಬಹುದು ಸಾರ್" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಇದ್ರೂ ನಮ್ಮ ಸಿನಿಮಾದಲ್ಲಿ ಬೇಡ" ಎಂದರು ಅಂದು ಚರ್ಚೆಗೆ ಬಂದಿದ್ದ ನಾಯಕ ನಟರು. "ನಮ್ಮಣ್ಣನ ಪಾತ್ರಕ್ಕೆ ಮರ್ಯಾದೆ ಇರ್ಬೇಕು. ಹಳೇ ಸೀನೇ ಇರ್ಲಿ. ಅಪ್ಪ ಅಳ್ಲಿ."

ಟೈಪಿಸ್ಟ್ ಅಂದು ಅಕಸ್ಮಾತ್ತಾಗಿ ಒಳಗೇ ಉಳಿದಿದ್ದರು. ಆಕೆ ಯಂತ್ರದಿಂದ ಕಣ್ಣೆತ್ತದೆ, "ನಮ್ಮನೇಲಿ ಎರಡು ವರ್ಷ" ಎಂದರು. ಯಾರಿಗೂ ಅದು ಕೇಳಿಸಲಿಲ್ಲ. ಮೇಷ್ಟ್ರಿಗೆ ಕೇಳಿಸಿತು.

ಸಂಜೆ ಮನೆಗೆ ಹೋಗಿ ಮಗಳೆದುರು ಕೂತರು. "ನಿನ್ನ ವಿಷಯ ಅಲ್ಲಿ ಹೇಳ್ಬಿಟ್ಟೆ ಪಾಪು. ಹೆಸರು ಹೇಳ್ಲಿಲ್ಲ. ಆದ್ರೂ ತಪ್ಪು."

ಮಗಳ ಮುಖ ಬಿಗಿಯಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಮಾತಿಲ್ಲ. ಉಪ್ಪಿನ ಡಬ್ಬಿ ಬೇಕಾದರೂ ತಾಯಿಯ ಮೂಲಕ ಕೇಳಿದಳು. ನಾಲ್ಕನೆಯ ದಿನ ತಾನೇ ಬಂದು, "ಅವರು ಏನಂದ್ರು?" ಎಂದಳು.

"ನಂಬೋಕಾಗಲ್ಲ ಅಂದ್ರು."

ಹುಡುಗಿ ನಗು ತಡೆಯಲು ನೋಡಿದಳು, ಆಗಲಿಲ್ಲ. "ಕೊಡು, ಅವತ್ತು ಓದಿದ್ಯಲ್ಲ, ಆ ಸೀನು" ಎಂದು ಕಾಗದ ಕಿತ್ತುಕೊಂಡು ಸೀಸದ ಕಡ್ಡಿ ಹಿಡಿದಳು. "ಇಲ್ಲಿ ಅಳ್ತಾಳೆ ಅಂತಿದೆ. ನಾನು ಅಳ್ಲಿಲ್ಲ."

"ಮತ್ತೆ?"

"ಹಸಿವಾಗಿತ್ತು. ಸ್ಕೂಲಿಂದ ಬಂದು ಏನೂ ತಿಂದಿರ್ಲಿಲ್ಲ. ಅಮ್ಮ ಹೇಳ್ತಾನೇ ಇದ್ರು, ನನಗೆ ಊಟ ಯಾವಾಗ ಅಂತಷ್ಟೇ ಯೋಚನೆ."

ಅಪ್ಪನ ಎರಡು ಪುಟದ ಮಾತು ಮುಗಿದ ಮೇಲೆ ಅವಳು ದುಂಡಗೆ ಒಂದು ಸಾಲು ಸೇರಿಸಿದಳು: "ಸರಿ ಅಪ್ಪಾ, ನನಗೆ ಹಸಿವಾಗ್ತಿದೆ." ಈ ಸಾಲು ಉಳಿದರೆ ಕೋಪ ಬಿಡುವುದಾಗಿ ಹೇಳಿದಳು. ಮೇಷ್ಟ್ರು ಅದಕ್ಕಾಗಿ ಮಹಡಿಯ ಮೇಲೆ ಮೂರು ದಿನ ಜಗಳವಾಡಿದರು, ಒಮ್ಮೆ ಎದ್ದೂ ಬಂದರು. ಹೋಗಲಿ, ಒಂದು ಸಾಲು ತಾನೇ ಎಂದು ನಿರ್ಮಾಪಕರು ಕೈಚೆಲ್ಲಿದರು.

ಸಿನಿಮಾ ಬಿಡುಗಡೆಯಾಯಿತು. ಮೇಷ್ಟ್ರು ಹೆಂಡತಿ ಮಗಳೊಂದಿಗೆ ಮೊದಲ ದಿನವೇ ಹೋದರು. ಗೇಟು ಮುರಿದಾಗ ಮುಂದಿನ ಸಾಲುಗಳಲ್ಲಿ ಶಿಳ್ಳೆ. ಅಪ್ಪ ಅತ್ತಾಗ ಅಕ್ಕಪಕ್ಕದ ಗಂಡಸರು ಮೂಗೆಳೆದುಕೊಂಡರು. ಆಮೇಲೆ ಪರದೆಯ ಮೇಲಿನ ಹುಡುಗಿ, "ಸರಿ ಅಪ್ಪಾ, ನನಗೆ ಹಸಿವಾಗ್ತಿದೆ" ಎಂದಳು. ಬಳಿಕ ಹಿಂದಿನ ಸಾಲಿನಲ್ಲೊಬ್ಬಳು ಕಿಸಕ್ಕೆಂದಳು, ಬಾಲ್ಕನಿಯಲ್ಲಿ ಇನ್ನೊಬ್ಬಳು, ನೋಡನೋಡುತ್ತ ಕತ್ತಲಲ್ಲಿ ಹೆಂಗಸರೆಲ್ಲ ಗೊಳ್ಳೆಂದರು. ಗಂಡಸರು ಏನಾಯಿತೆಂದು ಹಿಂತಿರುಗಿ ನೋಡಿದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುತ್ತಿದ್ದರು. ಅಷ್ಟರಲ್ಲಿ ನಿರ್ಮಾಪಕರು ಮುಂದಿನ ಕುರ್ಚಿಯಿಂದ ವಾಲಿ, "ಆ ಪಂಚ್ ಇರ್ಲಿ ಅಂತ ಹೇಳಿದ್ದು ನಾನೇ, ನೆನಪಿದೆಯಲ್ಲ?" ಎಂದು ಪಿಸುಗುಟ್ಟಿದರು.

ನಾಯಕ ಮೈಕಿಗೆ ಕೈ ಹಾಕುವ ಹೊತ್ತಿಗೆ ಮಗಳು ಮೇಷ್ಟ್ರ ತೋಳು ಜಗ್ಗಿದಳು. "ಅಪ್ಪಾ, ನಾನು ಹೊರಗೆ ಹೋಗ್ಬೇಕು. ಬಾ."

"ಅಮ್ಮನ್ನ ಕರ್ಕೊಂಡು..." ಎನ್ನಹೋದವರು, ಅವಳು ಬ್ಯಾಗು ಎದೆಗವಚಿಕೊಂಡು ನಿಂತದ್ದನ್ನು ನೋಡಿ ಎದ್ದರು.

ಹೆಂಗಸರ ಶೌಚಾಲಯದ ಮುಂದೆ ಅವರು ಹತ್ತು ನಿಮಿಷ ಕಾದರು. ಹೋಗಿ ಬರುವವರೆಲ್ಲ ಒಂದು ಥರ ನೋಡಿ ಹೋದರು. ಗೋಡೆಯಾಚೆ ಭಾಷಣ ಗುಡುಗುತ್ತಿತ್ತು, ನಡುನಡುವೆ ಚಪ್ಪಾಳೆ. ಮಗಳು ಕೈ ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ಕೂತಳು.

"ನೋಯ್ತಿದೆಯಾ?" ಎಂದರು ಮೇಷ್ಟ್ರು.

"ಹ್ಞೂಂ. ಸ್ವಲ್ಪ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅವಳ ತಲೆಯತ್ತ ಕೈ ಚಾಚಿದರು. ಮಗಳು ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಏನೂ ಹೇಳ್ಬೇಡ. ಸುಮ್ನೆ ಕೂತ್ಕೋ."

ಮೇಷ್ಟ್ರು ಬಾಯಿ ಮುಚ್ಚಿಕೊಂಡು ಅವಳ ಪಕ್ಕ ಕೂತರು. ಅವಳು ಅವರ ಭುಜಕ್ಕೊರಗಿ ಕಣ್ಣು ಮುಚ್ಚಿದಳು.