ಗೋಡೆಗೆ ಮುಖ

ಮಗಳು ತೂರಿಸಿದ ತಂತಿಗೆ ಬೀಗದೊಳಗಿನ ಎರಡನೆಯ ಪಟ್ಟಿ ಮೇಲೆದ್ದಿತು. ಇನ್ನೊಂದು ಪಟ್ಟಿ ಎದ್ದರೆ ಅಪ್ಪನ ಟ್ರಂಕು ತೆರೆದುಕೊಳ್ಳುತ್ತದೆ. ಗೋಡೆಯಾಚೆ ಹಜಾರದಲ್ಲಿ ಅಪ್ಪ ಶವಪೆಟ್ಟಿಗೆಯಲ್ಲಿ ಮಲಗಿದ್ದ, ಸುತ್ತ ಜನ ಕೂತಿದ್ದರು.

ಗಂಡ ಬಾಗಿಲಿಗೆ ಒರಗಿ ಕಾವಲು ನಿಂತಿದ್ದ. "ಬೇಗ. ನಿನ್ನ ತಮ್ಮ ಬಸ್ಸಿಳಿದಾಯ್ತಂತೆ. ಹೆಚ್ಚಂದ್ರೆ ಹತ್ತು ನಿಮಿಷ."

"ರೀ, ಮಾತಾಡ್ಬೇಡಿ. ಕೈ ತಪ್ಪುತ್ತೆ."

"ಕದಿ ಅಂತ ಹೇಳ್ತಿಲ್ವಲ್ಲ. ಕಾಗದದಲ್ಲಿ ಏನಿದೆ ನೋಡಿ ಮುಚ್ಚಿಬಿಡು. ದೇವರೇ ಕೊಟ್ಟ ಅವಕಾಶ ಅಂದ್ಕೋ. ಅಂಗಡಿ ನಿನಗೆ ಬಿಟ್ಟಿದ್ರೆ ಸರಿ. ಅವನಿಗೆ ಬಿಟ್ಟಿದ್ರೆ..." ಮಾತು ಮುಗಿಸದೆ ಅವನು ಅಡಿಗೆಮನೆಯಲ್ಲಿ ಉರಿಯುತ್ತಿದ್ದ ಒಲೆಯತ್ತ ನೋಡಿದ.

ಹತ್ತು ದಿನಗಳ ಹಿಂದೆ ಅಪ್ಪ ತನ್ನ ಕೈಯಾರೆ ಆ ಕಾಗದ ಬರೆದು, ಇವರ ಕಣ್ಣೆದುರೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದ. ಸತ್ತ ಮೇಲೆ ಹುಡುಕಿದರೆ ಕೀಲಿ ಜೇಬಲ್ಲಿಲ್ಲ, ದಿಂಬಿನಡಿ ಇಲ್ಲ. ಇಪ್ಪತ್ತೆರಡು ವರ್ಷ ಅಪ್ಪನ ಬೀಗದಂಗಡಿಯ ಸ್ಟೂಲಿನ ಮೇಲೆ ಕೂತು ಕೀಲಿ ಉಜ್ಜಿದವಳು ಇವಳು. ಅಷ್ಟೂ ವರ್ಷ ಹೊಸ್ತಿಲು ತುಳಿಯದವನು ತಮ್ಮ. ಕೈಗೆ ಬಂದ ತುತ್ತು ಬಾಯಿಗೆ ಬಾರದಿದ್ದರೆ? ಅವಳು ತಂತಿಯನ್ನು ಮೂರನೆಯ ಪಟ್ಟಿಗೆ ತಾಗಿಸಿದಳು.

ಹಜಾರದಿಂದ ಟೀಚರಮ್ಮನ ದನಿ ಕೇಳಿಸಿತು. "ನಮ್ಮನೆ ಬೀಗ ಎಂಟು ಸಲ ತೆಗೆದುಕೊಟ್ಟಿದ್ದಾನೆ ಬೀಗದಜ್ಜ. ಆದ್ರೆ ನಮ್ಮನೆ ಒಳಗೆ ಹೇಗಿದೆ ಅಂತ ಅವನಿಗೆ ಗೊತ್ತೇ ಇಲ್ಲ. ಬಾಗಿಲು ತೆರೀತಿದ್ದ ಹಾಗೇ ಗೋಡೆ ಕಡೆ ಮುಖ ಮಾಡಿ ನಿಂತ್ಬಿಡೋನು. ನಾನು ಒಳಗೆ ಹೋಗಿ ಎಲ್ಲ ಸರಿಯಿದೆ ಅನ್ನೋ ತನಕ ತಿರುಗ್ತಿರಲಿಲ್ಲ."

"ಎಂಟು ಸಲ ಕೀಲಿ ಕಳೆದ್ರೂ ನಿಮ್ಮನ್ನ ಬೈಲಿಲ್ವಾ?" ಬೇಕರಿಯವನು ಕೇಳಿದ.

"ಇಲ್ಲಪ್ಪ."

"ಹಾಗಾದ್ರೆ ಬೈಯೋದನ್ನೆಲ್ಲ ಗೋಡೆಗೆ ಬೈತಿದ್ದ ಅಂತ ಕಾಣುತ್ತೆ."

ಸಾವಿನ ಮನೆಯೆಂಬುದನ್ನು ಮರೆತು ಯಾರೋ ನಕ್ಕರು. ಮಗಳಿಗೆ ನಗು ಬರಲಿಲ್ಲ.

*

ಇಪ್ಪತ್ತೆರಡು ವರ್ಷಗಳ ಹಿಂದೆ ತಮ್ಮನಿಗೆ ಹತ್ತೊಂಬತ್ತು. ಅಂಗಡಿಯ ಸ್ಟೂಲಿನ ಮೇಲೆ ಆಗ ಕೂರುತ್ತಿದ್ದವನು ಅವನೇ, ಅಪ್ಪನಿಗಿಂತ ಚುರುಕು ಕೈ. ಒಂದು ಮಧ್ಯಾಹ್ನ ಅಂಗಡಿಗೆ ಬಂದವನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ್ದ. "ಯಾರಿಗೂ ಹೇಳ್ಬೇಡ ಅಕ್ಕ. ಡಾಕ್ಟ್ರು ಊರಲ್ಲಿಲ್ಲ. ಅವರ ಮನೆ ಬೀಗ ತೆಗೆದು ಒಳಗೆಲ್ಲ ಓಡಾಡಿದೆ. ಅವರ ದೊಡ್ಡ ಕುರ್ಚೀಲಿ ಕೂತೆ. ಏನೂ ಮುಟ್ಟಿಲ್ಲ. ನೋಡಿದೆ, ಅಷ್ಟೆ."

ಊಟದ ಹೊತ್ತಿಗೆ ಅವಳು ಅಪ್ಪನಿಗೆ ಹೇಳಿಬಿಟ್ಟಳು.

ಅಪ್ಪ ಕೂಗಾಡಲಿಲ್ಲ. ಕೈ ತೊಳೆದು ಬಂದು, ಮಗನ ಹೆಗಲಿಂದ ಸಲಕರಣೆಯ ಚೀಲ ಇಳಿಸಿಕೊಂಡ. "ತೆಗೆಯೋಕೆ ಬರುತ್ತೆ ಅಂದ ಮಾತ್ರಕ್ಕೆ ತೆಗೀಬಹುದು ಅಂತಲ್ಲ" ಎಂದ. ಮರುದಿನ ತಮ್ಮ ಲಾರಿ ಹತ್ತಿ ಹೋದ. ಅದರ ಮರುದಿನ ಅವಳು ಅವನ ಸ್ಟೂಲಿನ ಮೇಲೆ ಕೂತಳು. ಅಂದು ಹೇಳಿದ್ದು ಸತ್ಯದ ಮೇಲಿನ ಪ್ರೀತಿಗೋ, ಸ್ಟೂಲಿನ ಮೇಲಿನ ಆಸೆಗೋ? ಆ ಪ್ರಶ್ನೆಯನ್ನು ಅವಳು ಈವರೆಗೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

*

"ಆಯ್ತಾ?" ಗಂಡ ಕೇಳಿದ.

ಹಜಾರದಲ್ಲಿ ಚರ್ಚಿನ ಸಭಾಪಾಲಕರು ಪ್ರಾರ್ಥನೆ ಹೇಳಿಕೊಡುತ್ತಿದ್ದರು, ಜನ ಒಟ್ಟಾಗಿ ಹೇಳುತ್ತಿದ್ದರು. ಶೋಧನೆಗೆ, ಅಂದರೆ ಕೆಟ್ಟ ಆಸೆಯ ಸೆಳೆತಕ್ಕೆ, ನಮ್ಮನ್ನು ಒಳಪಡಿಸಬೇಡ ಎಂಬ ಮಾತು ಬಂತು. ಅವಳು ಎಳವೆಯಿಂದ ದಿನಾ ಹೇಳಿಕೊಂಡು ಬಂದ ಮಾತೇ ಅದು, ಇಂದು ಮಾತ್ರ ಯಾರೋ ಮೊಣಕೈ ಹಿಡಿದಂತಾಯಿತು. ತಮ್ಮ ಬಂದು ಕೇಳಿದರೆ ಏನು ಹೇಳುವುದು? ಏನೂ ಮುಟ್ಟಿಲ್ಲ, ನೋಡಿದೆ, ಅಷ್ಟೆ.

ಅವಳು ತಂತಿ ಹೊರಗೆಳೆದಳು. ಎತ್ತಿದ ಪಟ್ಟಿಗಳು ಟಕ್ಕೆಂದು ಕೆಳಗೆ ಬಿದ್ದವು.

"ಹುಚ್ಚು ಹಿಡಿದಿದೆಯಾ ನಿನಗೆ? ಇಂಥ ಸಮಯ ಮತ್ತೆ ಸಿಗಲ್ಲ."

"ಹೌದು, ಸಿಗಲ್ಲ. ಅದಕ್ಕೇ ಹೇಳ್ತಿದ್ದೀನಿ. ಅವನು ಬಂದ ತಕ್ಷಣ ಇಲ್ಲಿಗೆ ಕಳಿಸಿ. ನೀವು ಹೊರಗಿರಿ."

ತಮ್ಮ ಬಂದ. ತಲೆ ಅರ್ಧ ನರೆತಿತ್ತು, ಅತ್ತು ಕಣ್ಣು ಕೆಂಪಾಗಿತ್ತು. ಕೋಣೆಯ ಹೊಸ್ತಿಲಲ್ಲೇ ನಿಂತ.

"ಈಗ ತಾನೇ ಈ ಬೀಗಕ್ಕೆ ತಂತಿ ಹಾಕಿದ್ದೆ" ಎಂದಳು. ತಂತಿಯನ್ನು ಅವನಿಗೆ ತೋರಿಸಿದಳು. "ಎರಡು ಪಟ್ಟಿ ಎತ್ತಿದ್ದೆ. ಅವತ್ತು ನಿನ್ನ ವಿಷಯ ಅಪ್ಪನಿಗೆ ಹೇಳಿದ್ದೂ ನಾನೇ ಕಣೋ."

"ಗೊತ್ತು."

ಅವನು ಜೇಬಿನಿಂದ ಒಂದು ಕೀಲಿ ತೆಗೆದ. "ಹೋದ ವಾರ ಅಂಚೇಲಿ ಬಂತು. ಕವರಿನ ಮೇಲೆ ಅಪ್ಪನ ಅಕ್ಷರ, ಒಳಗೆ ಇದೊಂದೇ. ಯಾವ ಬೀಗದ್ದು ಅಂತ ಗೊತ್ತಾಗ್ಲಿಲ್ಲ. ಬಂದು ಕೇಳೋಣ ಅಂದ್ಕೊಂಡೆ. ಅಷ್ಟರಲ್ಲಿ..."

"ಇದರದ್ದೇ ಇರ್ಬೇಕು" ಎನ್ನುತ್ತ ಅವಳು ಎದ್ದು ಗೋಡೆಗೆ ಮುಖ ಮಾಡಿ ನಿಂತಳು.

ಕೀಲಿ ತಿರುಗಿದ ಸದ್ದಾಯಿತು. ಮುಚ್ಚಳ ಕಿರ್ರೆಂದಿತು. ಅವಳು ಸುಣ್ಣದ ಬಿರುಕೊಂದನ್ನೇ ನೋಡುತ್ತ ನಿಂತಳು. ಕುತ್ತಿಗೆ ತಾನಾಗಿಯೇ ಹೊರಳಲು ನೋಡಿತು, ಅವಳು ಬಿಡಲಿಲ್ಲ. ಕಿಣಿ ಕಿಣಿ ಎಂದು ಸಣ್ಣ ಕಬ್ಬಿಣಗಳು ಒಂದಕ್ಕೊಂದು ತಾಗಿದವು. ಆ ಸದ್ದಿನ ಗುರುತು ಅವಳಿಗೆ ಕೂಡಲೇ ಸಿಕ್ಕಿತು. ಹೊಸದಾಗಿ ಹಚ್ಚಿದ ಎಣ್ಣೆಯ ವಾಸನೆ ಬಂತು.

"ನನ್ನ ಚೀಲ ಅಕ್ಕ." ತಮ್ಮ ಹೇಳಿದ. "ಒಂದಕ್ಕೂ ತುಕ್ಕು ಹಿಡಿದಿಲ್ಲ."

"ಕಾಗದ?" ಬೇಡವೆಂದರೂ ಬಾಯಿ ಕೇಳಿಯೇಬಿಟ್ಟಿತು.

"ಇದೆ. ಓದ್ಲಾ?"

ಹಜಾರದಿಂದ ಸಭಾಪಾಲಕರು ಕರೆದರು. ಹೊರಡುವ ಹೊತ್ತಾಗಿತ್ತು.

"ಅಲ್ಲೇ ಇಡು. ಮೊದಲು ಅಪ್ಪನ್ನ ಕಳಿಸೋಣ. ಬಂದ ಮೇಲೆ ಇಬ್ಬರೂ ಕೂತು ಓದೋಣ."

ಶವಪೆಟ್ಟಿಗೆಯ ಮುಂದಿನ ಎರಡು ಹಿಡಿಗಳಲ್ಲಿ ಒಂದನ್ನು ತಮ್ಮ ಹಿಡಿದ, ಇನ್ನೊಂದನ್ನು ಅವಳು ಹಿಡಿದಳು. ಹೆಗಲಿಗೇರಿಸಿದ್ದ ಚೀಲ ಕೆಳಗಿಡಲು ಅವನಿಗೆ ನೆನಪಾಗಿರಲಿಲ್ಲ, ಅವಳೂ ಹೇಳಲಿಲ್ಲ. ಹಿಂದೆ ಕೋಣೆಯಲ್ಲಿ ಟ್ರಂಕು ತೆರೆದೇ ಇತ್ತು, ಅದರ ತಳದಲ್ಲಿ ಕಾಗದ ಮಡಿಸಿದ ಹಾಗೇ ಇತ್ತು. ಬಾಗಿಲಲ್ಲಿ ಒಬ್ಬನೇ ಉಳಿದ ಗಂಡ ಒಮ್ಮೆ ಟ್ರಂಕನ್ನು ನೋಡಿದ, ಒಮ್ಮೆ ಹೆಂಡತಿಯ ಬೆನ್ನನ್ನು ನೋಡಿದ, ಆಮೇಲೆ ಓಡಿ ಬಂದು ಹಿಂದಿನ ಹಿಡಿಗೆ ಕೈ ಕೊಟ್ಟ. ತಮ್ಮನ ಹೆಗಲ ಮೇಲಿನ ಚೀಲ ಹೆಜ್ಜೆ ಹೆಜ್ಜೆಗೂ ಕಿಣಿಗುಟ್ಟುತ್ತ ಬೀದಿಗಿಳಿಯಿತು.