ಗಡಿಯಾರದ ಮೇಲಿರದ ಕಣ್ಣು

ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಮುದಿ ಕೈ ಅಂಗಾತ ಮಲಗಿದೆ. ಅದರ ಮಣಿಕಟ್ಟಿನ ಮೇಲೆ ಮೂರು ಎಳೆಯ ಬೆರಳುಗಳು, ಮುಟ್ಟಿಯೂ ಮುಟ್ಟದ ಹಾಗೆ. ಪಕ್ಕದಲ್ಲಿ ಬಿಳಿ ಮುಖದ ಕೈಗಡಿಯಾರ. ಅದರ ಕೆಂಪು ಸೆಕೆಂಡಿನ ಮುಳ್ಳೊಂದನ್ನು ಬಿಟ್ಟರೆ ಮೇಜಿನ ಮೇಲೆ ಅಲುಗುವುದು ಏನೂ ಇಲ್ಲ. ಬೆಳಗಿನ ಬಿಸಿಲು ಲೋಟದ ನೀರನ್ನು ಹಾಯ್ದು ಗೋಡೆಯ ಮೇಲೆ ಬಂದು ನಿಂತಿದೆ. 

ಕೈ ಮಾವನದು, ಬೆರಳು ಸೊಸೆಯದು. ಪೇಟೆಯ ಮೂಲೆಯಂಗಡಿಯಲ್ಲಿ ಬದುಕೆಲ್ಲ ಗಡಿಯಾರ ರಿಪೇರಿ ಮಾಡಿ, ಬೆರಳು ನಡುಗತೊಡಗಿದ ಮೇಲೆ ಮನೆಯಲ್ಲಿ ಕೂತವನು ಅವನು. ಡಬ್ಬಿ ಕಾರ್ಖಾನೆಯ ಕೆಲಸ ಬಿಟ್ಟು, ರೋಗಿಗಳನ್ನು ನೋಡಿಕೊಳ್ಳುವ ಟ್ರೈನಿಂಗಿಗೆ ಸೇರಿದವಳು ಅವಳು. ನಾಡಿ ಹಿಡಿಯುವುದು, ಬಿಪಿ ನೋಡುವುದು, ರೋಗಿ ಮಲಗಿರುವಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದು, ಹೀಗೆ ಅಲ್ಲಿ ಕಲಿತದ್ದನ್ನೆಲ್ಲ ಮನೆಯಲ್ಲಿ ಮಾವನ ಮೇಲೆ ಮತ್ತೊಮ್ಮೆ ಮಾಡಿ ನೋಡುತ್ತಿದ್ದಳು. ಲಾರಿ ಓಡಿಸುವ ಮಗ ಫೋನಿನಲ್ಲಿ ಇದನ್ನು ಕೇಳಿ, ಅಪ್ಪನಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತಲ್ಲ ಎಂದು ನಕ್ಕಿದ್ದ.

ಮೊದಮೊದಲು ಮುದುಕನಿಗೂ ಅದೊಂದು ಮೋಜೇ ಆಗಿತ್ತು. ಆದರೆ ಗಡಿಯಾರ ನೋಡುವವರ ಕಣ್ಣು ಎಲ್ಲಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಡಿ ನೋಡುತ್ತೇನೆಂದು ಕೂತವಳ ಕಣ್ಣು ಕೆಂಪು ಮುಳ್ಳಿನಿಂದ ಮೆಲ್ಲನೆ ಜಾರಿ, ಕಳ್ಳಹೆಜ್ಜೆಯಲ್ಲಿ ಅವನ ಎದೆಯ ಮೇಲೆ ಬಂದು ಕೂರುತ್ತಿತ್ತು. ನಾಡಿಯ ಎಣಿಕೆ ಮುಗಿದಿದೆಯೆಂದು ಅವಳ ಬೆರಳಿನ ಸಡಿಲದಿಂದಲೇ ತಿಳಿಯುತ್ತಿತ್ತು. ಆದರೂ ಕೈ ಬಿಡುತ್ತಿರಲಿಲ್ಲ.

"ಏನಮ್ಮಾ ಅಷ್ಟು ಹೊತ್ತು ನೋಡ್ತಿದ್ದೀಯ?" ಎಂದು ಒಮ್ಮೆ ಕೇಳಿದ.

"ನಾಡಿ, ಮಾವ," ಎಂದಳು, ಕಣ್ಣು ತಪ್ಪಿಸಿ.

ಅಂದೇ ಅನುಮಾನದ ಹುಳ ತಲೆಗೆ ಹೊಕ್ಕಿತು. ಹಿಂದಿನ ಚಳಿಗಾಲದ ಕೆಮ್ಮಿಗೆ ಎದೆಯ ಎಕ್ಸ್‌ರೇ ತೆಗೆಸಿದಾಗ ಮಗ ಡಾಕ್ಟರ ಜೊತೆ ಹೊರಗೆ ನಿಂತು ಪಿಸುಗುಟ್ಟಿದ್ದು ನೆನಪಾಯಿತು. ಟ್ರೈನಿಂಗ್ ನಡೆಯುವುದು ಮುದುಕರನ್ನು ಇಟ್ಟುಕೊಳ್ಳುವ ಒಂದು ಆರೈಕೆ ಮನೆಯ ಕೆಳಮಹಡಿಯಲ್ಲಿ. ಸೊಸೆ ಮರೆತುಹೋದ ಗಡಿಯಾರ ಕೊಡಲು ಅಲ್ಲಿಗೆ ಹೋಗಿದ್ದಾಗ ಸಾಲು ಹಾಸಿಗೆಗಳನ್ನು ಅವನು ಕಂಡಿದ್ದ. ಕಿಟಕಿಯ ಪಕ್ಕದ್ದು ಖಾಲಿಯಿತ್ತು, ಸುಕ್ಕಿಲ್ಲದ ಬಟ್ಟೆ ಹೊದ್ದು ಯಾರಿಗೋ ಕಾಯುತ್ತಿತ್ತು. ಪಾಠ ಹೇಳುವ ಸಿಸ್ಟರ್ ಅಗತ್ಯಕ್ಕಿಂತ ಹೆಚ್ಚು ಸಿಹಿಯಾಗಿ, ಅಜ್ಜನ ವಿಷಯ ದಿನವೂ ಕೇಳುತ್ತಿರುತ್ತೇವೆ ಎಂದಿದ್ದಳು. ಯಾವ ವಿಷಯ?

ಬೀದಿಯ ಸದ್ದೆಲ್ಲ ಏರಿ ಬರುವ ತನ್ನ ಆ ಕಿಟಕಿ, ಮೇಜು, ಚಿಮಟ, ಕಣ್ಣಿಗಿಟ್ಟು ನೋಡುವ ಭೂತಗನ್ನಡಿ: ಇವನ್ನು ಬಿಟ್ಟು ಇನ್ನೊಂದು ಕಿಟಕಿಯ ಕೆಳಗೆ ಮಲಗಲು ಅವನಿಗೆ ಮನಸ್ಸಿರಲಿಲ್ಲ. ತನ್ನ ಎದೆಯಲ್ಲಿ ಇವರು ಹುಡುಕುತ್ತಿರುವುದು ಏನೇ ಇರಲಿ, ಅದನ್ನು ಕೊಡಬಾರದೆಂದು ನಿಶ್ಚಯಿಸಿದ. ಕೂದಲೆಳೆಯಂಥ ಸ್ಪ್ರಿಂಗನ್ನು ಅದರ ಗೂಡಿನಲ್ಲಿ ಕೂರಿಸುವಾಗ ಗಡಿಯಾರದವನು ಉಸಿರಾಡುವುದಿಲ್ಲ. ಉಸಿರು ತಾಕಿದರೆ ಸ್ಪ್ರಿಂಗ್ ಹಾರಿ ಹೋಗುತ್ತದೆ. ಆ ಹಳೆಯ ವಿದ್ಯೆ ಕೈ ನಡುಗಿದರೂ ಎದೆಯಲ್ಲಿ ಉಳಿದಿತ್ತು. ಅವಳ ಕಣ್ಣು ಜಾರಿದ ಕೂಡಲೇ ಅವನು ಉಸಿರನ್ನು ನೂಲಿನಂತೆ ಹೊರಬಿಟ್ಟು, ತಡೆದು, ಕಲ್ಲಿನಂತೆ ಕೂರುತ್ತಿದ್ದ. ಅವಳ ಹುಬ್ಬು ಗಂಟಿಕ್ಕುತ್ತಿತ್ತು. ಮತ್ತೆ ನೋಡುತ್ತಿದ್ದಳು. ಮುದುಕ ಒಳಗೊಳಗೇ ಹಿಗ್ಗುತ್ತಿದ್ದ.

ಸೊಸೆಯ ಟ್ರೈನಿಂಗಿನ ಪರೀಕ್ಷೆಯ ಹಿಂದಿನ ಸಂಜೆ ಅಡುಗೆಮನೆಯಿಂದ ಅವಳ ಪಿಸುದನಿ ಕೇಳಿಸಿತು. ಅವನ ಕಿವಿ ನಿಮಿರಿತು. "ಅರ್ಧಕ್ಕರ್ಧ ಕಮ್ಮಿ ಬರ್ತಿದೆ ಸಿಸ್ಟರ್... ಇಲ್ಲ, ಅವರಿಗೆ ಹೇಳಿಲ್ಲ. ನಾಳೆ ಪರೀಕ್ಷೆಗೆ ಬರುವಾಗ ಜೊತೇಲೇ ಕರ್ಕೊಂಡು ಬರ್ತೀನಿ. ಹಾಸಿಗೆ ಖಾಲಿ ಇದೆಯಲ್ಲ?"

ಮುದುಕ ಎದ್ದ. ಬಾಗಿಲಿಗೆ ಹೋಗಿ ನಿಂತ.

"ಕಿಟಕಿ ಪಕ್ಕದ್ದೇ ತಾನೆ?"

ಅವಳು ಬೆಚ್ಚಿ ತಿರುಗಿದಳು. "ಒಂದೇ ಒಂದು ರಾತ್ರಿ ಇಟ್ಕೊಂಡು ನೋಡ್ತಾರೆ ಮಾವ, ಅಷ್ಟೆ."

"ನಾಳೆ ಬಂದು ತಗೊಂಡು ಹೋಗ್ತೀವಿ ಅಂತ ಬಿಟ್ಟುಹೋದ ಗಡಿಯಾರಗಳು ನನ್ನ ಅಂಗಡೀಲಿ ಎಷ್ಟು ಧೂಳು ತಿಂದಿವೆ ಗೊತ್ತೇನಮ್ಮಾ?"

ಆಗ ಅವಳು ಕೂತು, ಅವನು ಕೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲವಂತೆ. ಮಗ ಪಿಸುಗುಟ್ಟಿದ್ದು ಅಪ್ಪನ ಬೀಡಿ ಬಿಡಿಸುವುದು ಹೇಗೆಂದು. ಇಷ್ಟು ದಿನ ಅವಳು ನೋಡಿದ್ದು ನಾಡಿ ಮಾತ್ರವಲ್ಲ, ಉಸಿರು.

"ಉಸಿರನ್ನ ಹೇಳಿ ಎಣಿಸೋ ಹಾಗಿಲ್ಲ ಮಾವ. ಹೇಳಿದ್ರೆ ಅದು ನಾಟಕ ಶುರು ಮಾಡುತ್ತೆ. ಅದಕ್ಕೇ ನಾಡಿ ಹಿಡಿದ ಹಾಗೇ ಕೂತು ಎದೆ ನೋಡೋದು."

"ಕದ್ದು ನೋಡೋದನ್ನೂ ಪಾಠ ಮಾಡ್ತಾರಾ?"

"ನಾಳೆ ಪರೀಕ್ಷೆಯಲ್ಲೂ ಅದೇ ಇದೆ."

ಮುದುಕ ನೆಲ ನೋಡಿದ. ಸ್ಪ್ರಿಂಗಿನ ವಿದ್ಯೆಯನ್ನು ತಡವರಿಸುತ್ತ ಒಪ್ಪಿಕೊಂಡ. ಅವಳು ನಗುತ್ತಾಳೆಂದುಕೊಂಡಿದ್ದ. ನಗಲಿಲ್ಲ. ಈಗ ಅನುಮಾನ ಅವಳ ಮುಖಕ್ಕೆ ದಾಟಿತ್ತು.

"ನೀವು ಬೇಕಂತಲೇ ಹಿಡಿದದ್ದು ಅಂತ ನಾನು ಹೇಗೆ ನಂಬಲಿ? ಹೋಗೋಕೆ ಇಷ್ಟ ಇಲ್ಲದವರು ಏನು ಬೇಕಾದರೂ ಹೇಳ್ತಾರೆ."

"ತಗೋ, ಈಗಲೇ ಎಣಿಸು," ಎಂದು ಕೈ ಚಾಚಿದ.

"ಈಗ ಎಣಿಸಿ ಏನು ಬಂತು? ನಿಮಗೆ ಗೊತ್ತಾಗಿಬಿಟ್ಟಿದೆಯಲ್ಲ."

ಅದು ನಿಜವಾಗಿತ್ತು. ತನ್ನ ಉಸಿರನ್ನು ತಾನೇ ಗಮನಿಸಲು ಹೋದರೆ ಅದು ಅಪರಿಚಿತರನ್ನು ಕಂಡ ಮಗುವಿನಂತೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿತ್ತು.

ಬೆಳಿಗ್ಗೆ ಹೊಸ್ತಿಲ ಬಳಿ ಎರಡು ಚೀಲಗಳಿದ್ದವು. ಒಂದರಿಂದ ಅವನ ಟವೆಲ್ಲಿನ ಅಂಚು ಇಣುಕುತ್ತಿತ್ತು. ಸಮವಸ್ತ್ರ ತೊಟ್ಟ ಸೊಸೆ ಬಂದು ಕೈಗಡಿಯಾರವನ್ನು ಮೇಜಿನ ಮೇಲಿಟ್ಟಳು.

"ನಿಂತುಹೋಗಿದೆ ಅನ್ಸುತ್ತೆ. ಸ್ವಲ್ಪ ಕೀಲಿ ಕೊಡ್ತೀರಾ ಮಾವ?"

ಚೀಲ ಮರೆತುಹೋಯಿತು. ನಿಧಾನವಾಗಿ ಕೀಲಿ ಕೊಟ್ಟ, ಕಿವಿಗೆ ಹಿಡಿದ. ಟಿಕ್‌ಟಿಕ್ ಸದ್ದಿನ ಜೊತೆ ಅಂಗಡಿ, ಎಣ್ಣೆಯ ವಾಸನೆ, ಮಧ್ಯಾಹ್ನದ ಪೇಟೆಯ ಗದ್ದಲ ಎಲ್ಲವೂ ಬಂದವು. ತಲೆಯೆತ್ತಿದಾಗ ಅವಳ ಕಣ್ಣು ಅವನ ಬೆನ್ನ ಹಿಂದಿನ ಗೋಡೆ ಗಡಿಯಾರದಿಂದ ಆಗಷ್ಟೇ ಇಳಿಯುತ್ತಿತ್ತು. ಎಣಿಸುವಂತೆ ಅಲುಗುತ್ತಿದ್ದ ಅವಳ ತುಟಿಗಳು ನಿಂತವು.

"ಇದು ನಿಂತೇ ಇರಲಿಲ್ಲವಲ್ಲಮ್ಮಾ."

"ಹೌದಾ? ನನಗೆ ಹಾಗನ್ನಿಸ್ತು."

ಗಡಿಯಾರ ಕಟ್ಟಿಕೊಂಡಳು. ಚೀಲದಿಂದ ಅವನ ಟವೆಲ್ ತೆಗೆದು, ಕೊಡವಿ, ಎಂದಿನ ಮೊಳೆಗೆ ತೂಗುಹಾಕಿದಳು.

"ಎಷ್ಟು ಬಂತು?" ಎಂದು ಮುದುಕ ಕೇಳಿದ.

"ಏನು ಎಷ್ಟು, ಮಾವ?" ಎಂದಳು. ತನ್ನ ಚೀಲವನ್ನಷ್ಟೇ ಹೆಗಲಿಗೇರಿಸಿದಳು. ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.