ಹೆಸರು ಹಿಡಿದು ಅತ್ತದ್ದು

"ಮಣ್ಣು ಹೊರೂಕೆ ಬಂದದ್ದೋ, ಕೆಸ್ರಲ್ಲಿ ಕುಂಡಿ ಊರೂಕೆ ಬಂದದ್ದೋ, ರಂಡೆ? ಬುಟ್ಟಿ ಅಲ್ಲೇ ಒಗಿ. ಮೇಲೆ ಬಾ."

ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಹರಿಹರ ಹೆಗಡೆ ಬೈದದ್ದು ತನಗೇ ಎಂದು ಸೋಮಿಗೆ ತಿಳಿಯಿತು. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಮಣ್ಣಿನ ಒಡ್ಡು ಅದು. ಕೇರಿಯ ಇಪ್ಪತ್ತು ಜನ ಮೊಣಕಾಲುದ್ದ ಕೆಸರಲ್ಲಿ ನಿಂತು ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ಸೋಮಿ ಬುಟ್ಟಿ ಇಳಿಸಿ ಸೀರೆಯ ಚುಂಗಿನಲ್ಲಿ ಮುಖ ಒರೆಸಿಕೊಂಡಳು. ಬೆಳಿಗ್ಗೆ ಅವಳೇ ಕೈಮುಗಿದು ಕೇಳಿದ್ದಳು: ಮಗಳು ತಿಮ್ಮಿ ಹೆತ್ತು ಐದು ದಿನ, ಮೈ ಕೆಂಡದ ಹಾಗೆ ಸುಡುತ್ತದೆ, ಇವತ್ತೊಂದು ದಿನ ಬಿಡಿ ಎಂದು. ಆಗ ಹೆಗಡೆ ಕಾಲಿನ ಕೆಸರನ್ನು ಕಲ್ಲಿಗೆ ಒರೆಸುತ್ತ, "ನಾಯಿನೂ ಹೆರ್ತದೆ, ಅದ್ಕೆ ಬಾಣಂತನ ಮಾಡೋರ್ಯಾರು?" ಎಂದಿದ್ದ. ಈಗ ಕರೆದದ್ದು ನೋಡಿದರೆ ಮನಸ್ಸು ಕರಗಿತೋ ಏನೋ ಎಂದುಕೊಂಡು ಅವಳು ಒಡ್ಡು ಹತ್ತಿದಳು.

"ನೀನೇ ಅಲ್ವನೇ ಹೆಣದ ಮುಂದೆ ಹಾಡೋಳು?"

"ಹೌದು, ಒಡ್ಯಾ."

"ಮನೆ ಅಂಗ್ಳಕ್ಕೆ ನಡಿ. ಬಿಳೀ ದೊರೆ ಬಂದು ಕೂತಾನೆ. ಅವಂಗೆ ಅದು ಕೇಳ್ಬೇಕಂತೆ."

ಸೋಮಿಯ ಕಾಲು ನಿಂತಲ್ಲೇ ನಿಂತಿತು. "ಯಾರು ಸತ್ತದ್ದು, ಒಡ್ಯಾ?"

"ಯಾರೂ ಸಾಯ್ಲಿಲ್ಲ. ನಡಿ ಅಂದ್ರೆ ನಡಿ."

*

ಅಂಗಳದ ನಡುವೆ ಒಂದು ಮರದ ಪೆಟ್ಟಿಗೆ, ಅದರ ಬಾಯಿಗೆ ಹಿತ್ತಾಳೆಯ ದೊಡ್ಡ ತುತ್ತೂರಿ. ಪೇಟೆಯ ಗ್ರಾಮಾಫೋನನ್ನು ಕಂಡವರು ಕೇರಿಯಲ್ಲೂ ಇದ್ದರು, ಆದರೆ ಇದು ಹಾಡುವ ಪೆಟ್ಟಿಗೆಯಲ್ಲ, ಹಾಡು ಹಿಡಿಯುವ ಪೆಟ್ಟಿಗೆ ಎಂದು ಕಾರಕೂನ ದೇವಪ್ಪ ಹೇಳಿದ. ದೊರೆಯ ಜೊತೆಗಿರಲು ಕುಮಟೆಯ ಕಚೇರಿಯಿಂದ ಬಂದವನು ಅವನು. ಜಗಲಿಯ ಬೆತ್ತದ ಕುರ್ಚಿಯಲ್ಲಿ ದೊರೆ ಎಳನೀರು ಹೀರುತ್ತಿದ್ದ. ಬಿಸಿಲಿಗೆ ಅವನ ಮೂಗು ಸುಲಿದು ಹೋಗಿತ್ತು. ಹೆಗಡೆ ಅವನ ಪಕ್ಕದ ಕುರ್ಚಿಯಲ್ಲಿ ಕೂತ. ಸೋಮಿಯ ಹಿಂದೆ ಒಡ್ಡಿನ ಕೆಲಸ ಬಿಟ್ಟು ಬಂದ ಕೇರಿಯವರು ಬೇಲಿಯ ಬದಿಗೆ ನಿಂತರು.

"ದನ ತಿಂದ ಬಾಯಿ ಜಗ್ಲಿ ಮೇಲೆ," ಹೊನ್ನ ಪಕ್ಕದವನ ಕಿವಿಯಲ್ಲಿ ಹೇಳಿದ, "ಗಂಜಿ ಕುಡ್ದ ಬಾಯಿ ಅಂಗ್ಳದ ಮೂಲೆಗೆ."

ತುತ್ತೂರಿಗೆ ಬಾಯಿ ಹತ್ತಿರ ತರಬೇಕು ಎಂದಾಗ ಹೆಗಡೆ ಮುಖ ಸಿಂಡರಿಸಿದ. ಪೆಟ್ಟಿಗೆಯನ್ನು ಅವಳು ಮುಟ್ಟಕೂಡದು, ಉಗುಳು ಹಾರಕೂಡದು, ಆಮೇಲೆ ಅದೇ ಪೆಟ್ಟಿಗೆ ಜಗಲಿಗೆ ಬರಬೇಕಲ್ಲ. ಕಡೆಗೆ ಒಂದು ಬಾಳೆಲೆಯನ್ನು ನೆಲಕ್ಕೆ ಹಾಸಿ, ಅದರ ಈಚೆಗೆ ಸೋಮಿ, ಆಚೆಗೆ ಪೆಟ್ಟಿಗೆ ಎಂದು ಗಡಿ ಹಾಕಿದರು. ದೊರೆ ಅದನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡ.

ದೇವಪ್ಪ ದೊರೆಯ ಮಾತನ್ನು ಬಿಡಿಸಿ ಹೇಳಿದ. ಮುನ್ನೂರು ನಾನ್ನೂರು ವರ್ಷದ ಹಿಂದೆ ಮೆಣಸಿಗೆಂದು ಹೊನ್ನಾವರಕ್ಕೆ ಬಂದ ಹಡಗಿನವನೊಬ್ಬ ಪುಸ್ತಕ ಬರೆದಿದ್ದಾನಂತೆ. ಈ ದಂಡೆಯ ಹೆಂಗಸರು ಸತ್ತವರ ಹೆಸರು ಹಿಡಿದು ಅಳುತ್ತಾರೆ, ಆ ಅಳು ಕೇಳಿ ಹಡಗಿನ ಕಟ್ಟಾಳುಗಳೂ ಕಣ್ಣೊರೆಸಿಕೊಂಡರು ಎಂದು ಅದರಲ್ಲಿದೆಯಂತೆ. ದೊರೆ ಅದನ್ನು ಓದಿ ಹುಡುಕಿಕೊಂಡು ಬಂದಿದ್ದಾನೆ. ಅವರ ಊರಲ್ಲಿ ಒಂದು ಕಪಾಟು ಇದೆ, ಕರಿಯರ ದೇಶದ್ದು, ದ್ವೀಪದವರದ್ದು, ಎಲ್ಲರ ಅಳುವೂ ಅದರಲ್ಲಿ ಇದೆ. ಇಲ್ಲಿಯದೊಂದೇ ಇಲ್ಲ.

"ನಮ್ಮ ಅಳು ತಕಂಡು ಅವ್ರಿಗೆಂತ ಮಾಡೂಕದೆ?" ಎಂದಳು ಸೋಮಿ.

"ಅದು ನಿಂಗ್ಯಾಕೆ? ಹಾಡು," ಎಂದ ಹೆಗಡೆ.

"ಹೆಣ ಇಲ್ದೆ ಆ ಹಾಡು ಬಾಯಿಗೆ ತರೂಕಾಗೂದಿಲ್ಲ, ಒಡ್ಯಾ. ಹಾಡು ಬರಿಗೈಲಿ ತಿರ್ಗಿ ಹೋಗೂದಿಲ್ಲ. ಹತ್ರದಲ್ಲಿ ಯಾರ್ ಹಾಸ್ಗೆ ಹಿಡ್ದಾರೆ ಅಂತ ಹುಡ್ಕ್ತದೆ. ನನ್ ಮಗ್ಳು ಮಲ್ಗಿದಾಳೆ."

ಕೇರಿಯ ಹೆಂಗಸರು ತಲೆ ತಗ್ಗಿಸಿದರು. ಅವರಲ್ಲಿ ಯಾರೂ ಗದ್ದೆಯಲ್ಲಿ ನಾಟಿ ಮಾಡುವಾಗಲೂ ಆ ಹಾಡಿನ ಒಂದು ಎಳೆ ಗುನುಗಿದವರಲ್ಲ. ಮಕ್ಕಳು ಆಟಕ್ಕೆ ಹಾಡಿದರೂ ಬಾಯಿಗೆ ಬರೆ ಬೀಳುತ್ತಿತ್ತು.

ದೊರೆ ಕುರ್ಚಿ ಬಿಟ್ಟು ಕೆಳಗಿಳಿದು ಬಂದ. ಧಾರವಾಡದಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ, "ಅಮ್ಮಾ, ದಯಮಾಡಿ ಅಳಿರಿ," ಎಂದ. ನಲವತ್ತು ವರ್ಷದಲ್ಲಿ ಮೇಲಿನವರೊಬ್ಬರು ಸೋಮಿಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

ಹೆಗಡೆಗೆ ತಾಳ್ಮೆ ತಪ್ಪಿತು. ಮಾಮ್ಲೇದಾರರ ಚೀಟಿ ಹಿಡಿದು ಬಂದ ದೊರೆಯ ಮುಂದೆ ತನ್ನ ಆಳೊಬ್ಬಳು ಆಗದು ಎಂದು ನಿಂತಿದ್ದಾಳೆ. ಅವನು ಜಗಲಿಯ ಅಂಚಿಗೆ ಬಂದು ದನಿ ತಗ್ಗಿಸಿ ಹೇಳಿದ: "ನಿನ್ ಗುಡ್ಲು ಯಾರ ನೆಲದ್ಮೇಲದೆ ಗೊತ್ತದೆಯಲ್ಲ? ಬಾಣಂತಿ ಒಳಗಿರೂವಾಗ್ಲೇ ತಲೆಮೇಲಿನ ಮಾಡು ಕಿತ್ತು ಹಾಕಿಸ್ತೆ. ಬಿಸ್ಲಿಗೆ ಒಣಗ್ಲಿ. ಆವಾಗ ನಿನ್ ಹಾಡಿಗೆ ಹೆಣನೂ ಸಿಕ್ತದೆ."

ಹಾಡಿದರೆ ಮಗಳು, ಹಾಡದಿದ್ದರೂ ಮಗಳು. ಸೋಮಿ ಕಾಲಬೆರಳಿನಿಂದ ಬಾಳೆಲೆಯ ಅಂಚನ್ನು ಒತ್ತುತ್ತ ಕೇಳಿದಳು:

"ಹೆಸ್ರು ಹಾಕ್ದೆ ಹಾಡು ಏಳೂದಿಲ್ಲ, ಒಡ್ಯಾ. ಯಾರ ಹೆಸ್ರು ಹಾಕ್ಲಿ?"

"ಥೂ, ಅದ್ನೂ ನಾನೇ ಹೇಳಿ ಕೊಡ್ಬೇಕಾ? ನಿಂಗೆ ಯಾರ್ದು ಬೇಕೋ ಅವ್ರದ್ದು ಹಾಕು. ಬೇಗ ಮುಗ್ಸು."

"ಆತು," ಎಂದಳು ಸೋಮಿ.

*

ದೊರೆ ಮೇಣದ ಉರುಳೆಯೊಂದನ್ನು ಹತ್ತಿಯಿಂದ ಬಿಡಿಸಿ ಪೆಟ್ಟಿಗೆಗೆ ಸಿಕ್ಕಿಸಿದ. ಅವರ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಇಂಥ ಉರುಳೆ ಸಿಗುವುದಿಲ್ಲ, ಇದೊಂದೇ ಉಳಿದದ್ದು, ತಿರುಗುವಾಗ ಯಾರೂ ಕೆಮ್ಮಲೂ ಕೂಡದು ಎಂದು ದೇವಪ್ಪನಿಂದ ಹೇಳಿಸಿದ. ಆಮೇಲೆ ಚಾವಿ ಕೊಟ್ಟು ಕೈಯೆತ್ತಿದ.

ಸೋಮಿ ತಲೆಗೂದಲು ಬಿಚ್ಚಿ ಬೆನ್ನಿಗೆ ಬಿಟ್ಟಳು. ಎದೆಗೆ ಅಂಗೈಯಿಂದ ಒಂದು ಪೆಟ್ಟು ಹಾಕಿಕೊಂಡು ದನಿ ತೆಗೆದಳು.

"ಹೋದ್ಯೇನೋ ನನ್ನೊಡ್ಯಾ, ಹರಿಹರಾ, 
ಹೊಳಿ ದಾಟಿ ಹೋದ್ಯೇನೋ..."

ಕೇರಿಯ ಯಾವ ಬಾಯಿಯೂ ಆ ಹೆಸರನ್ನು ಹೇಳಿದ್ದಿಲ್ಲ. ಒಡೆಯ ಎನ್ನಬೇಕು, ಇಲ್ಲವೇ ದೊಡ್ಡಮನೆಯವರು ಎನ್ನಬೇಕು. ಹೆಗಡೆ ಮೊದಲು ತನಗೆ ಕಿವಿ ಮಂದವಾಯಿತೋ ಎಂಬಂತೆ ಕತ್ತು ಮುಂದೆ ಚಾಚಿದ. ಆಮೇಲೆ ಎದ್ದು ನಿಂತು ಬಾಯಿ ತೆರೆದ. ದೊರೆ ಕಣ್ಣು ಕೆಂಪು ಮಾಡಿ ಅವನ ಭುಜದ ಮೇಲೆ ಕೈಯಿಟ್ಟು ಕುರ್ಚಿಗೆ ಒತ್ತಿ ಕೂಡ್ರಿಸಿದ, ತುಟಿಯ ಮೇಲೆ ಬೆರಳಿಟ್ಟ.

ಹೆಣದ ಹಾಡಿನಲ್ಲಿ ಸತ್ತವನ ಗುಣ ಹೇಳಿ ಅಳಬೇಕು. ಅದರಲ್ಲಿ ಸುಳ್ಳು ಹೇಳಬಾರದು, ಹೇಳಿದರೆ ಹೆಣ ಭಾರವಾಗುತ್ತದೆ. ಸೋಮಿ ಸುಳ್ಳು ಹೇಳಲಿಲ್ಲ.

"ಒಡ್ಡು ನಿಂದಂದ್ಯಲ್ಲೋ, ಹರಿಹರಾ, 
ಒಂದ್ ಬುಟ್ಟಿ ಮಣ್ ಹೊತ್ಯೇನೋ? 
ನೀರು ಕೇಳ್ದ ನಾಗೂಗೆ, ಹರಿಹರಾ, 
ಉಪ್ಪಿನ್ ನೀರು ಕುಡ್ಸಿದ್ಯಲ್ಲೋ. 
ಹೊತ್ತು ಹೊತ್ತು ಸವ್ದವ್ರು ಇಲ್ಲೇ ಅವ್ರೆ, 
ನಿನ್ನ ಹೊರೂಕೆ ಯಾರ್ ಬಂದಾರೋ..."

ಹೆಸರು ಕೇಳಿದ ಮೇಲೆ ಸುತ್ತಲಿನ ಹೆಂಗಸರು ದನಿ ಕೊಡಬೇಕು. ಅದು ಕಟ್ಟಳೆ. ಮೊದಲು ಯಾರೂ ಕೊಡಲಿಲ್ಲ. ಆಮೇಲೆ ಉಪ್ಪುನೀರು ಕುಡಿದು ಮೂರು ದಿನ ವಾಂತಿ ಮಾಡಿದ್ದ ನಾಗುವಿನ ತಾಯಿ ಮಾಸ್ತಮ್ಮ ಕೂದಲು ಬಿಚ್ಚಿದಳು. "ಹೋದ್ಯೇನೋ ಹರಿಹರಾ" ಎಂದಳು. ಇನ್ನೊಬ್ಬಳು ಎಂದಳು. ನಾಲ್ಕನೆಯ ಸಲ ಹೆಸರು ಬರುವಾಗ ಬೇಲಿಯ ಬದಿಯೆಲ್ಲ ಎದೆ ಬಡಿಯುವ ಸದ್ದು. ಸೋಮಿಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ನಿಜವಾದ ನೀರು. ಯಾರಿಗೆಂದು ಅವಳನ್ನು ಕೇಳಿದ್ದರೂ ಹೇಳುವುದು ಕಷ್ಟವಿತ್ತು.

ಕೇರಿಯ ಆಡುಮಾತು ತಿಳಿಯದ ದೊರೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ದೇವಪ್ಪ ತನ್ನ ಚಪ್ಪಲಿ ನೋಡುತ್ತಿದ್ದ. ಹೆಗಡೆಯ ಕೈ ಕುರ್ಚಿಯ ಬೆತ್ತವನ್ನು ಹಿಡಿದು ಬಿಳಿಚಿಕೊಂಡಿತ್ತು. ಕೂಗಿದರೆ ಕೂಗೂ ಮೇಣದೊಳಗೆ ಹೋಗುತ್ತದೆ.

ಒಳಗಿನಿಂದ ಹೆಗಡೆಯ ಹೆಂಡತಿ ಮೂಕಾಂಬಿಕಾ ಓಡಿ ಬಂದು ಬಾಗಿಲ ದಾರಂದ ಹಿಡಿದು ನಿಂತಳು. ಅಂಗಳದಲ್ಲಿ ತಲೆ ಕೆದರಿದ ಹೆಂಗಸರು, ನಡುವೆ ಗಂಡನ ಹೆಸರು. ಅವಳ ಕೈ ತಾನಾಗಿ ಕೊರಳಿನ ಕರಿಮಣಿಗೆ ಹೋಯಿತು.

ಉರುಳೆ ಮುಗಿಯಿತು. ಪೆಟ್ಟಿಗೆಯ ಮುಳ್ಳು ಕರಕರ ಎಂದಿತು.

*

"ನೀ ಒಳಗೆ ನಡಿಯೇ. ನಂಗೆ ಎಂತೂ ಆಜಿಲ್ಲೆ," ಎಂದು ಹೆಗಡೆ ಹೆಂಡತಿಗೆ ಹೇಳಿದ.

ದೊರೆಗೆ ಖುಷಿ ತಡೆಯಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಮುಳ್ಳನ್ನು ಮೊದಲಿಗೆ ತಂದಿಟ್ಟ. ತುತ್ತೂರಿಯೊಳಗಿನಿಂದ, ತಗಡಿನ ಡಬ್ಬಿಯಲ್ಲಿ ಕೂತವರಂತೆ, ಕೇರಿಯ ಹೆಂಗಸರು ಹರಿಹರ ಹೆಗಡೆಗೆ ಅತ್ತರು. ಅವನು ತನ್ನ ಜಗಲಿಯಲ್ಲಿ ಕೂತು ಅದನ್ನು ಪೂರ್ತಿ ಕೇಳಿದ.

ಆಮೇಲೆ ದೊರೆ ಲೇಖನಿ ತೆಗೆದು ದೇವಪ್ಪನಿಗೆ ಏನೋ ಕೇಳಿದ. ದೇವಪ್ಪ ಸೋಮಿಯ ಕಡೆ ತಿರುಗಿದ. "ಸತ್ತವ ಯಾರು, ಸತ್ತದ್ದು ಯಾವಾಗ, ಉರುಳೆಯ ಡಬ್ಬಿ ಮೇಲೆ ಬರೀಬೇಕಂತೆ."

ಸೋಮಿ ಕೂದಲು ಕಟ್ಟಿಕೊಳ್ಳುತ್ತಿದ್ದಳು.

"ಹೆಸ್ರು ಹಾಡಲ್ಲೇ ಅದೆ," ಎಂದಳು. "ಸತ್ತದ್ದು ಇನ್ನೂ ಇಲ್ಲ ಅಂತ ಬರ್ಕಣಿ."

ಹೆಗಡೆ ಜಗಲಿಯಿಂದ ಕೆಳಗೆ ಹಾರಿದ. "ಹೊನ್ನಾ, ಈರಾ, ಗುದ್ಲಿ ತಕಣಿ. ಈ ಬೋಳಿಮಗಳ ಗುಡ್ಲು ಕಿತ್ತು ಹೊಳಿಗೆ ಹಾಕಿ. ಈಗ್ಲೇ."

ಈರ ಹೊನ್ನನ ಮುಖ ನೋಡಿದ. ಹೊನ್ನ ಕೈಯಲ್ಲಿದ್ದ ಗುದ್ದಲಿಯನ್ನು ಮೆಲ್ಲಗೆ ಬೇಲಿಗೆ ಒರಗಿಸಿಟ್ಟ.

"ಆಗೂದಿಲ್ಲ, ಒಡ್ಯಾ. ಕೇರಿಯೆಲ್ಲಾ ದನಿ ಕೊಟ್ಟು ಅತ್ತದೆ. ಸೂತಕ. ಹನ್ನೊಂದ್ ದಿನ ನಾವು ಗುದ್ಲಿ ಮುಟ್ಟೂಕಿಲ್ಲ."

"ಯಾರ ಸೂತಕವೋ, ಸೂಳೆಮಗ್ನೆ?"

ಹೊನ್ನ ಬೆನ್ನು ತಿರುಗಿಸಿ ನಡೆದ. ಒಬ್ಬೊಬ್ಬರಾಗಿ ಅವರು ಬೇಲಿಯ ಬದಿಯಿಂದ ಕರಗಿದರು. ಒಡ್ಡಿನ ಕಡೆಗಲ್ಲ, ಕೇರಿಯ ಕಡೆಗೆ.

"ಪಕ್ಕದ ಕಾಸರಕೋಡಿಂದ ಜನ ತರಿಸ್ತೆ," ಹೆಗಡೆ ಹಿಂದಿನಿಂದ ಕೂಗುತ್ತಿದ್ದ. "ಬೈಗಿನೊಳಗೆ ತರಿಸ್ತೆ. ನೋಡಿ ಬೇಕಾರೆ."

ತರಿಸುತ್ತಾನೆ ಎಂಬುದು ಸೋಮಿಗೆ ಗೊತ್ತಿತ್ತು. ಅವಳು ಹೆಜ್ಜೆ ಬಿರುಸು ಮಾಡಿದಳು.

*

ಗುಡಿಸಲೊಳಗೆ ತಿಮ್ಮಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಅವಳ ಬೆನ್ನಿನ ಹಿಂದೆ ತುಂಡು ಬಟ್ಟೆಯಲ್ಲಿ ನಿದ್ದೆ ಹೋಗಿತ್ತು. ಸೋಮಿ ಹಣೆ ಮುಟ್ಟಿದಳು. ಬೆಳಿಗ್ಗೆಗಿಂತ ಹೆಚ್ಚು ಸುಡುತ್ತಿತ್ತು.

"ಅಬ್ಬೀ," ತಿಮ್ಮಿಯ ತುಟಿ ಒಣಗಿ ಅಂಟಿಕೊಂಡಿತ್ತು. "ನಿನ್ ದನಿ ಇಲ್ಲಿಗಂಟ ಕೇಳ್ತು. ಯಾರಿಗೆ ಅತ್ತದ್ದು? ನಂಗಾ?"

"ನಿಂಗಲ್ಲ, ಮಗಾ. ಒಡ್ಯಂಗೆ."

ತಿಮ್ಮಿ ಕಷ್ಟಪಟ್ಟು ಈಚೆ ಹೊರಳಿದಳು. "ಒಡ್ಯ ಸತ್ನಾ?"

ಸೋಮಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಗಳ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಗಂಜಿಯ ತಿಳಿಯನ್ನು ಬೆರಳಲ್ಲಿ ಅದ್ದಿ ಅವಳ ತುಟಿಗೆ ಸವರಿದಳು.

"ಇನ್ನೂ ಇಲ್ಲ," ಎಂದಳು. "ನೀ ಮಾತ್ರ ಕಣ್ ಮುಚ್ಬೇಡ."